ಕೋಯಾಸಾನ್: ದೇವಾಲಯದಲ್ಲೇ ಉಳಿದುಕೊಳ್ಳಿ

ಜಪಾನಿನಲ್ಲಿ ಕ್ಯೋಟೋ ನೋಡಿದವರು ಬಹಳ. ನನ್ನ ಮಟ್ಟಿಗೆ ಕೋಯಾಸಾನ್ ಅದಕ್ಕಿಂತ ಮೇಲು. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕಡಿದಾದ ಕೇಬಲ್ ಕಾರ್. ಮೇಲೆ ಸುಮಾರು 800 ಮೀಟರ್ ಎತ್ತರದಲ್ಲಿ ದೇವಾಲಯಗಳದ್ದೇ ಒಂದು ಊರು. ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ಶುರು ಮಾಡಿದ್ದು.

ಇಲ್ಲಿ ಹೋಟೆಲ್ ಬೇಡ, ದೇವಾಲಯದಲ್ಲೇ ರೂಮ್ ತಗೊಳ್ಳಿ. ನಮ್ಮಂಥ ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಊಟದ್ದೇ ಚಿಂತೆ ಅಲ್ವಾ? ಸಾರಿನಲ್ಲೂ ಮೀನು ಇರುತ್ತದೆ. ಇಲ್ಲಿ ಮೀನು, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿನ ರುಚಿ ಕಡಲಪಾಚಿ, ಅಣಬೆಯಿಂದ ಬರುತ್ತದೆ. ಎಳ್ಳಿನಿಂದ ಮಾಡಿದ ಗೋಮಾದೋಫು ಬಾಯಲ್ಲಿಟ್ಟರೆ ಕರಗುತ್ತದೆ. ನನಗೆ ಇನ್ನೊಂದು ಬಟ್ಟಲು ಬೇಕೆನಿಸಿತು. ಖಾರ ಮಾತ್ರ ನಿರೀಕ್ಷಿಸಬೇಡಿ.

ಒಕುನೋಯಿನ್ ಸ್ಮಶಾನದ ದಾರಿ ಸುಮಾರು 2 ಕಿಲೋಮೀಟರ್. ಎರಡೂ ಕಡೆ ಮುಗಿಲೆತ್ತರದ ಸೀಡರ್ ಮರಗಳು, ನಡುವೆ 2 ಲಕ್ಷಕ್ಕೂ ಹೆಚ್ಚು ಸಮಾಧಿ, ಸ್ಮಾರಕಗಳು. ಪಾಚಿ ಹಿಡಿದ ಕಲ್ಲುಗಳ ಮೇಲೆ ಸಂಸ್ಕೃತದ ಬೀಜಾಕ್ಷರಗಳನ್ನು ಸಿದ್ಧಂ ಲಿಪಿಯಲ್ಲಿ ಕೆತ್ತಿದ್ದಾರೆ. ನಮ್ಮ ನೆಲದಿಂದ ಅಷ್ಟು ದೂರ ಹೋದ ಅಕ್ಷರ ಕಂಡು ಮೈ ಜುಮ್ಮೆಂದಿತು. ಈ ದಾರಿಯ ಕೊನೆಯಲ್ಲಿ ಕೂಕಾಯ್ ಇನ್ನೂ ಧ್ಯಾನದಲ್ಲಿದ್ದಾರೆಂದು ಭಕ್ತರು ನಂಬುತ್ತಾರೆ. ಅವರಿಗೆ ದಿನಕ್ಕೆ ಎರಡು ಸಲ ಊಟ ಒಯ್ಯುತ್ತಾರೆ. ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ತೆಗೆಯುವಂತಿಲ್ಲ.

ಕೊರತೆಯೂ ಇದೆ. ನಾನಿದ್ದ ಕಡೆ ಗೋಡೆ ತೆಳು, ರಾತ್ರಿ ಚಳಿ ಜಾಸ್ತಿ. ಸ್ನಾನದ ಮನೆ ಎಲ್ಲರಿಗೂ ಸೇರಿ. ಬಾಡಿಗೆಯೂ ಕಡಿಮೆಯಲ್ಲ. ಆದರೂ ಮುಂಜಾನೆಯ ಪೂಜೆ ತಪ್ಪಿಸಬೇಡಿ. ಸ್ವೆಟರ್ ಇಟ್ಟುಕೊಳ್ಳಿ, ಶರತ್ಕಾಲಕ್ಕಾದರೆ ರೂಮ್ ಮೊದಲೇ ಬುಕ್ ಮಾಡಿ.