ಕಿಟಕಿ ಗೂಡಿಗೆ ಅಡುಗೆ ಕಟ್ಟೆ ಕಲ್ಲು: ಒಂದೇ ಹಾಸೋ, ಎರಡು ತುಂಡೋ?

ಕಟ್ಟೆ ಕಲ್ಲು ಕಿಟಕಿಯ ಗೂಡಿನೊಳಕ್ಕೂ, ಅಂದರೆ ಚೌಕಟ್ಟಿನ ಮುಂದೆ ಗೋಡೆಯ ದಪ್ಪದಲ್ಲಿ ಉಳಿಯುವ ಜಾಗಕ್ಕೂ, ಹೋಗಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಟ್ಟೆಗೆ ಒಂದು ಗ್ರಾನೈಟ್ ಕಲ್ಲು, ಗೂಡಿಗೆ ಬೇರೆ ಪಟ್ಟಿ, ಆ ಪಟ್ಟಿಯ ಮೂತಿ (ಮುಂದಿನ ಅಂಚು) ಕಟ್ಟೆ ಕಲ್ಲಿನ ಮೇಲೆ ಅರ್ಧ ಇಂಚು ಚಾಚಿಕೊಂಡಿರಬೇಕು. ಒಂದೇ ಕಲ್ಲನ್ನು ನಾಲಗೆಯಂತೆ ಕೊಯ್ಯಿಸಿ ಒಳಕ್ಕೆ ತಳ್ಳುವುದು, ಗೂಡಿಗೆ ಹಲಸಿನ ಹಲಗೆ ಹಾಕುವುದು, ಎರಡನ್ನೂ ಮಾಡಿ ನೋಡಿದ ಮೇಲಿನ ಮಾತು ಇದು.

ಒಂದೇ ಕಲ್ಲು ನೋಡಲು ಚೆಂದ, ಒಪ್ಪುತ್ತೇನೆ. ಸಂದಿಯಿಲ್ಲ, ಹಿಟ್ಟು ಸಿಕ್ಕಿಕೊಳ್ಳುವುದಿಲ್ಲ. ಆದರೆ ನಾಲಗೆ ಶುರುವಾಗುವ ಒಳಮೂಲೆಗಳಲ್ಲೇ ಅದು ಸೀಳುವುದು. ಕಟಿಂಗ್ ಮೆಷಿನ್ನಿನ ಬ್ಲೇಡ್ ದುಂಡಗಿರುವುದರಿಂದ ಮೂಲೆ ಪೂರ್ತಿ ಕೊಯ್ಯಲು ಹೋದರೆ ಗೆರೆ ಅರ್ಧ ಇಂಚು ಮುಂದಕ್ಕೆ ಓಡಿರುತ್ತದೆ. ಬಿರುಕಿಗೆ ಅಷ್ಟೇ ಸಾಕು. ನಾಲಗೆ ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಮುಂಭಾಗದ ಕೆಳಗೆ ಗಾರೆ ಎಲ್ಲೋ ಟೊಳ್ಳಾಗಿರುತ್ತದೆ. ಅಟ್ಟದಿಂದ ಪಾತ್ರೆ ಇಳಿಸಲು ಯಾರಾದರೂ ಕಟ್ಟೆ ಹತ್ತಿದ ದಿನ ಕೂದಲೆಳೆಯ ಗೆರೆ ಕಾಣಿಸುತ್ತದೆ. ಇದೇ ಬೇಕೆಂದರೆ ಮೂಲೆಯಲ್ಲಿ ಮೊದಲು 12 ಮಿ.ಮೀ. ತೂತು ಕೊರೆಸಿ, ಕೊಯ್ತವನ್ನು ಅಲ್ಲಿಗೆ ನಿಲ್ಲಿಸಬೇಕು.

ಲೆಕ್ಕವೂ ನೋಡಿ. 8 ಅಡಿ ಉದ್ದ, 2 ಅಡಿ ಅಗಲದ ಕಟ್ಟೆಗೆ 4 ಅಡಿ ಉದ್ದ, 5 ಇಂಚು ಆಳದ ಗೂಡಿದ್ದರೆ ಒಂದೇ ಕಲ್ಲಿಗೆ ಸುಮಾರು 19.3 ಚದರಡಿ ದುಡ್ಡು ಕೊಡಬೇಕು, ಬಳಕೆಯಾಗುವುದು 17.7. ಕೊಯ್ದ ಮೇಲೂ 18 ಮಿ.ಮೀ. ಕಲ್ಲು ಸುಮಾರು 80 ಕೆ.ಜಿ. ತೂಗುತ್ತದೆ. ಎರಡು ತುಂಡಾದರೆ ಗೂಡಿನ ಪಟ್ಟಿಯನ್ನು ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ಬರಬಹುದು.

ನಿಜವಾದ ತಲೆನೋವು ಇರುವುದು ಹಿಂಬದಿಯಲ್ಲಿ, ಕಲ್ಲು ಮರದ ಚೌಕಟ್ಟಿಗೆ ತಾಗುವ ಕಡೆ. ಮೇಸ್ತ್ರಿಗಳು ಅಲ್ಲಿ ಕಲ್ಲನ್ನು ಒತ್ತಿ ಕೂರಿಸಿ ಬಿಳಿ ಸಿಮೆಂಟ್ ಬಳಿಯುತ್ತಾರೆ. ಬೇಸಿಗೆಯಲ್ಲಿ ಎಲ್ಲ ಸರಿಯೇ. ಜೂನ್ ಬಂದು ಎರಚಲು ಹೊಡೆಯಲಿ, ಮರ ಉಬ್ಬುತ್ತದೆ, ಕಲ್ಲು ಉಬ್ಬುವುದಿಲ್ಲ, ನಡುವಿನ ಸಿಮೆಂಟ್ ಪುಡಿಯಾಗುತ್ತದೆ. ನೀರು ಆ ಸಂದಿಯಿಂದ ಕಲ್ಲಿನ ಅಡಿಗೆ ಇಳಿದು, ಕೆಳಗಿನ ಟೈಲ್ಸ್ ಸಂದುಗಳಲ್ಲಿ ಬಿಳಿ ಉಪ್ಪಾಗಿ ಹೊರಬರುತ್ತದೆ. ಹಾಸನದಲ್ಲಿ ಇದು ಒಂದೆರಡು ಮಳೆಗಾಲ ತಡೆದುಕೊಂಡೀತು. ಸಕಲೇಶಪುರ, ಮೂಡಿಗೆರೆ ಕಡೆ ಪಶ್ಚಿಮಕ್ಕೆ ಮುಖಮಾಡಿದ ಕಿಟಕಿಯಾದರೆ ಮೊದಲ ವರ್ಷವೇ ಚೌಕಟ್ಟಿನ ಕೆಳಪಟ್ಟಿ ಮೆತ್ತಗಾಗುತ್ತದೆ. ಆಮೇಲೆ ಗೆದ್ದಲಿಗೆ ಆಹ್ವಾನ ಬೇರೆ ಬೇಡ.

ಇದಕ್ಕೆ ಕಲ್ಲಿಗೂ ಚೌಕಟ್ಟಿಗೂ ನಡುವೆ 5 ಮಿ.ಮೀ. ಬಿಟ್ಟು, ಫೋಮ್ ಹಗ್ಗ ತುರುಕಿ, ಮೇಲೆ ನ್ಯೂಟ್ರಲ್ ಸಿಲಿಕಾನ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಹಾಕಿಸಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಬೇಡ, ಸಿಮೆಂಟಿನ ಮೇಲೆ ಅದು ಹಿಡಿಯುವುದಿಲ್ಲ. ಪಟ್ಟಿಯ ಓಟ (ಇಳಿಜಾರು) ಕಟ್ಟೆಯ ಕಡೆಗೆ 3 ಮಿ.ಮೀ. ಇರಲಿ, ಒಳಬಂದ ನೀರು ಚೌಕಟ್ಟಿನ ಬುಡದಲ್ಲಿ ನಿಲ್ಲದೆ ಸಿಂಕಿನ ಕಡೆ ಹರಿಯುತ್ತದೆ. ಒಂದೇ ಕಲ್ಲಿನಲ್ಲಿ ಈ ಓಟ ಕೊಡಲು ಹೋದರೆ ಇಡೀ ಕಟ್ಟೆಯೇ ಮುಂದಕ್ಕೆ ವಾಲಿ, ನೀರು ನಿಮ್ಮ ಹೊಟ್ಟೆಯ ಮೇಲೆ ಸುರಿಯುತ್ತದೆ.

ಗೂಡಿನ ಅಳತೆಯನ್ನು ಗಿಲಾವ್ ಆದ ಮೇಲೆ, ಟೈಲ್ಸ್‌ಗೆ ಮುಂಚೆ ತೆಗೆಯಬೇಕು. ಬಾಯಿ, ನಡು, ಚೌಕಟ್ಟಿನ ಬಳಿ, ಮೂರು ಕಡೆ ಟೇಪ್ ಹಿಡಿದರೆ ಎಂಟು ಹತ್ತು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. ರಟ್ಟಿನ ಅಚ್ಚು ಮಾಡಿ, ಮೇಲ್ಮೈಗೆ ‘ಮೇಲೆ’ ಅಂತ ದೊಡ್ಡದಾಗಿ ಬರೆಯಿರಿ. ಅಂಗಡಿಯವನು ಮಗುಚಿ ಇಟ್ಟು ಕೊಯ್ದರೆ ಓರೆ ಎಡದಿಂದ ಬಲಕ್ಕೆ ಹೋಗಿರುತ್ತದೆ. ಪಕ್ಕಗಳಲ್ಲಿ 4 ಮಿ.ಮೀ. ಸಡಿಲ ಇದ್ದರೆ ಗೋಡೆಯ ಟೈಲ್ಸ್ ಮುಚ್ಚಿಕೊಳ್ಳುತ್ತದೆ.

ಕೂರಿಸುವಾಗ ಕಟ್ಟೆ ಕಲ್ಲು ಮೊದಲು. ಗೂಡಿನ ತಳ ಅದರ ಮೇಲ್ಮೈಗಿಂತ 13 ಮಿ.ಮೀ. ತಗ್ಗಿದ್ದರೆ, 15 ಮಿ.ಮೀ. ಗಾರೆಯ ಮೇಲೆ ಪಟ್ಟಿ ಕೂತಾಗ ಮೂತಿಯ ಕೆಳಗೆ 2 ಮಿ.ಮೀ. ಉಳಿಯುತ್ತದೆ, ಅಲ್ಲೂ ಸಿಲಿಕಾನ್. ಪಟ್ಟಿ ಕಟ್ಟೆಗಿಂತ 20 ಮಿ.ಮೀ. ಏರುವುದರಿಂದ ಚೌಕಟ್ಟಿನ ಕೆಳಪಟ್ಟಿಯ ಮೇಲಂಚು ಕಟ್ಟೆಯಿಂದ ಕನಿಷ್ಠ 2 ಇಂಚು ಎತ್ತರದಲ್ಲಿರಬೇಕು.

ಈ ಮೂತಿಯ ಕೆಳಗೆ ರಾಗಿ ಹಿಟ್ಟು ಸೇರುತ್ತದೆ, ವಾರಕ್ಕೊಮ್ಮೆ ಹಳೇ ಟೂತ್ ಬ್ರಷ್ ಬೇಕು. ಅದು ಸಹಿಸಿಕೊಳ್ಳುವಂಥದ್ದು.

ಹಲಸಿನ ಹಲಗೆ ಅಗ್ಗವಲ್ಲ, ಎಣ್ಣೆ ಹಚ್ಚುತ್ತಲೇ ಇರಬೇಕು. ಕಡಪ ಕಲ್ಲಿನ ಮೇಲೆ ನಿಂಬೆ, ಹುಣಸೆ ಹುಳಿ ಬಿದ್ದರೆ ಕಲೆ ಉಳಿಯುತ್ತದೆ. ಕ್ವಾರ್ಟ್ಜ್ ಅನ್ನುವ ಕೃತಕ ಕಲ್ಲಿನಲ್ಲಿ ಬಿಸಿಲಿಗೆ ಬಣ್ಣಗೆಡುವ ರಾಳ ಇರುವುದರಿಂದ ಬಿಸಿಲು ಬೀಳುವ ಕಿಟಕಿ ಅದಕ್ಕೆ ಜಾಗವಲ್ಲ.

ಹಳೇ ಹೆಂಚಿನ ಮನೆಯ ದಪ್ಪ ಗೋಡೆಯಾಗಿ ಗೂಡು ಒಂದಡಿ ಆಳವಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಷ್ಟು ಜಾಗವನ್ನು ಕೆಲಸಕ್ಕೆ ಬಳಸುವವರು ಕಟ್ಟೆಯ ಮಟ್ಟಕ್ಕೇ ಎರಡು ತುಂಡು ಸೇರಿಸಿ, ಸಂದಿಗೆ ಕಲ್ಲಿನ ಬಣ್ಣದ ಎಪಾಕ್ಸಿ ತುಂಬಿಸಲಿ. ಆರು ಇಂಚಿನ ಒಳಗಿನ ಗೂಡಿಗೆ ಅಂಗಡಿಯ ಮೂಲೆಯಲ್ಲಿ ಉಳಿದ ತುಂಡೇ ಸಾಕು, ಬಣ್ಣ ಸ್ವಲ್ಪ ಬೇರೆಯಾದರೂ ಕೊತ್ತಂಬರಿ ಕುಂಡ ಇಟ್ಟ ಮೇಲೆ ಯಾರಿಗೂ ಕಾಣುವುದಿಲ್ಲ.