ಚಳಿಗೆ ಕುದುರೆಗೆ ರಗ್ಗೋ, ಅದರ ಕೂದಲೋ?

ಚಳಿಗಾಲದಲ್ಲೂ ಸವಾರಿ ಬಿಡದವರಿಗೆ ಮೂರು ದಾರಿಗಳಿವೆ. ಮೈಕೂದಲನ್ನು ಹಾಗೇ ಬೆಳೆಯಲು ಬಿಡಬಹುದು, ಮೇಲೆ ರಗ್ಗು ಹೊದಿಸಬಹುದು, ಇಲ್ಲವೇ ಕೂದಲು ಕತ್ತರಿಸಿ ರಗ್ಗು ಹೊದಿಸಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಮೊದಲನೆಯದಕ್ಕೆ. ಆದರೆ ಕುದುರೆಗೆ ಬೆವರು ಎಷ್ಟು ಬರುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಚಳಿಗೂದಲು ದಟ್ಟವಾಗಿ ಬೆಳೆದ ಆರೋಗ್ಯವಂತ ಕುದುರೆ, ಮೈ ಒಣಗಿದ್ದು ಗಾಳಿಗೆ ಮರೆಯಿದ್ದರೆ, ಸೊನ್ನೆಗಿಂತ ಕೆಳಗೆ ಸುಮಾರು 8 ಡಿಗ್ರಿವರೆಗೂ ಆರಾಮಾಗಿ ಇರುತ್ತದೆ. ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಮಳೆಗೆ ನೆನೆದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು.

ರಗ್ಗಿನ ವಿಷಯದಲ್ಲಿ ನನಗೆ ತಕರಾರು ಜಾಸ್ತಿ. ತೀರಾ ತೆಳುವಾದದ್ದು ನಿಮಿರಿದ ಕೂದಲನ್ನು ಒತ್ತಿಬಿಡುತ್ತದೆ, ಬದಲಿಗೆ ಬಿಸಿಯನ್ನೂ ಕೊಡುವುದಿಲ್ಲ. ಒಳಗೆ ಚದರ ಮೀಟರಿಗೆ 200 ಗ್ರಾಂ ತುಂಬಿದ ಮಧ್ಯಮ ದಪ್ಪದ್ದು ರಾತ್ರಿಗೆ ಚೆನ್ನ, ಆದರೆ ಮಧ್ಯಾಹ್ನ ಬಿಸಿಲು ಬಂದರೆ ಕುದುರೆ ಒಳಗೇ ಬೆವರುತ್ತದೆ. ಭುಜದ ಹತ್ತಿರ ಉಜ್ಜಿ ಕೂದಲು ಉದುರುವುದು ಬೇರೆ. ದಿನಾ ತೆಗೆದು ಪಕ್ಕೆಲುಬು ಮುಟ್ಟಿ ನೋಡದಿದ್ದರೆ ಕುದುರೆ ಬಡವಾದದ್ದೇ ಗೊತ್ತಾಗುವುದಿಲ್ಲ. ಒಳಗೆ ಏನೂ ತುಂಬದ, ನೀರು ಇಳಿಯದ ರಗ್ಗು ಮಾತ್ರ ಮಳೆಯ ದಿನಕ್ಕೆ ಬೇಕೇ ಬೇಕು. ವಯಸ್ಸಾದ, ಸೊರಗಿದ ಕುದುರೆಗಳ ಮಾತು ಬೇರೆ, ಅವಕ್ಕೆ ಹೊದಿಸಲೇಬೇಕು.

ಕೂದಲು ಕತ್ತರಿಸುವುದು ಜೋರಾಗಿ ಓಡಿಸುವವರಿಗೆ ಸರಿ. ಕತ್ತಿನ ಕೆಳಭಾಗ, ಹೊಟ್ಟೆಯ ಅಡಿ ಮಾತ್ರ ತೆಗೆದರೂ ಸಾಕು, ಬೆವರು ಬೇಗ ಆರುತ್ತದೆ. ಪೂರ್ತಿ ಬೋಳಿಸಿದಿರೋ, ಮುಂದೆ ರಗ್ಗಿಲ್ಲದೆ ಹೊರಗೆ ಬಿಡುವ ಹಾಗಿಲ್ಲ. ವಾರಕ್ಕೊಮ್ಮೆ ಸುಮ್ನೆ ಸುತ್ತಾಡಿಸುವವರಿಗೆ ಈ ರಗಳೆ ಯಾಕೆ, ಅಲ್ವಾ?

ಸವಾರಿ ಮುಗಿದ ಮೇಲೆ ಹತ್ತಿಯ ಹೊದಿಕೆಗಿಂತ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಕೃತಕ ಬಟ್ಟೆ, ಎಷ್ಟೋ ಮೇಲು. ಹತ್ತಿ ಒದ್ದೆಯಾಗಿ ಮೈಗೆ ಅಂಟುತ್ತದೆ. ಫ್ಲೀಸ್ ಬೆವರನ್ನು ಹೊರಕ್ಕೆ ಎಳೆಯುತ್ತದೆ, ಮೇಲೆಲ್ಲ ಹನಿ ಕಟ್ಟಿರುವುದು ಕಣ್ಣಿಗೇ ಕಾಣುತ್ತದೆ. ಮೈ ಆರಿದ ಮೇಲೆ ಅದನ್ನೂ ತೆಗೆಯಬೇಕು.

ಮೈ ಬೆಚ್ಚಗಿಡಲು ಧಾನ್ಯ ಹೆಚ್ಚಿಸುವವರೇ ಜಾಸ್ತಿ. ನಾನು ಒಣಹುಲ್ಲು ಹೆಚ್ಚಿಸುತ್ತೇನೆ. ದೊಡ್ಡ ಕರುಳಿನಲ್ಲಿ ಹುಲ್ಲಿನ ನಾರು ಹುದುಗು ಬರುವಾಗ ಶಾಖ ಹುಟ್ಟುತ್ತದೆ, ಅದು ಗಂಟೆಗಟ್ಟಲೆ ಇರುತ್ತದೆ. ನೀರಂತೂ ಉಗುರುಬೆಚ್ಚಗೇ ಇರಲಿ. ಕೊರೆಯುವ ನೀರನ್ನು ಕುದುರೆ ಕಡಿಮೆ ಕುಡಿಯುತ್ತದೆ, ಆಗ ಒಣಮೇವು ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆನೋವು ಬರುವ ಭಯ. ಲೋಹದ ಕಡಿವಾಣವನ್ನೂ ಬಾಯಿಗೆ ಹಾಕುವ ಮುಂಚೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ.