ಅರ್ಧ ರೇಟಿನ ಕಾರ್ಬನ್ ದೋಟಿ ತೆಗೆದುಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. 38 ಸಾವಿರ ಕೊಟ್ಟು ತಂದ ನನ್ನ 60 ಅಡಿಯ ಕಾರ್ಬನ್ ದೋಟಿ ಬಾಳಿದ್ದು ನಾಲ್ಕೇ ನಾಲ್ಕು ದಿನ. ನಾಲ್ಕನೇ ದಿನ ಮಧ್ಯಾಹ್ನ ಮದ್ದು ಹೊಡೆಯುತ್ತಿರುವಾಗಲೇ ನಡುವಿನಲ್ಲಿ ಸೀಳಿತು. ಮೇಲಿನ ತುಂಡು ನಾಜಲ್, ಹೋಸು ಸಮೇತ ಬಂದು ದೋಟಿ ಹಿಡಿದವರ ಹೆಗಲಿನಿಂದ ಒಂದು ಗೇಣು ಆಚೆ ಬಿತ್ತು. ಅದು ಒಂದು ಗೇಣು ಈಚೆ ಬಿದ್ದಿದ್ದರೆ ನಾನೀಗ ಕೂತು ಇದನ್ನು ಬರೆಯುತ್ತಿರಲಿಲ್ಲ, ಆಸ್ಪತ್ರೆ ಸುತ್ತುತ್ತಿದ್ದೆ.

ಅಡಿಕೆ ತೋಟದ ಪರಿಚಯ ಇಲ್ಲದವರಿಗೆ: ದೋಟಿ ಅಂದರೆ ಉದ್ದದ ಕೋಲು, ಅಷ್ಟೇ. ಮೊದಲು ಬಿದಿರಿನದ್ದಿತ್ತು, ಆಮೇಲೆ ಅಲ್ಯೂಮಿನಿಯಂ ಬಂತು, ಈಗ ಒಂದರೊಳಗೆ ಒಂದು ಸೇರುವ ಕಾರ್ಬನ್ ಫೈಬರ್ ಕೊಳವೆಗಳು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಹೊಡೆಯಬಹುದು. ಒಳ್ಳೆಯ ವಸ್ತು. ವಸ್ತುವಿನ ಬಗ್ಗೆ ನನ್ನ ತಕರಾರಿಲ್ಲ.

ನಮ್ಮದು ಪುತ್ತೂರು ಕಡೆಯ ತೋಟ, ಸುಮಾರು 1,200 ಮರ, ಅರ್ಧಕ್ಕರ್ಧ ಹಳೆಯ ಎತ್ತರದ ಮರಗಳು. ಪಕ್ಕದ ಮನೆಯವರು ಹಿಂದಿನ ವರ್ಷ 72 ಸಾವಿರ ಕೊಟ್ಟು ಒಂದು ದೋಟಿ ತಂದಿದ್ದರು. ಅದನ್ನು ನೋಡಿ ನನಗೂ ಆಸೆ ಆಯಿತು, ರೇಟು ಕೇಳಿ ಸುಮ್ಮನಾದೆ. ಮೇ ತಿಂಗಳಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಬಂತು. ಅದೇ 60 ಅಡಿ, ಅದೇ ಕಪ್ಪು ಬಣ್ಣ, ಅದೇ ಹೊಳಪು, ನೇಯ್ದ ಚಾಪೆಯಂಥ ಅದೇ ಡಿಸೈನ್. ರೇಟು 38 ಸಾವಿರ. 'ನೇರ ಇಂಪೋರ್ಟ್ ಸಾರ್, ಮಧ್ಯದಲ್ಲಿ ಡೀಲರ್ ಇಲ್ಲ, ಅದಕ್ಕೇ ಕಡಿಮೆ' ಅಂದ ಮಾರುವವನು. ನನ್ನ ತಲೆಗೂ ಅದು ಸರಿ ಅನ್ನಿಸಿತು. ಡೀಲರುಗಳು ಜಾಸ್ತಿ ತಿನ್ನುತ್ತಾರೆ ಅಂತ ನಾವೆಲ್ಲ ಮೊದಲೇ ನಂಬಿಕೊಂಡಿರುತ್ತೇವಲ್ವಾ. ಭಾವ ಮಾತ್ರ ಒಂದು ಮಾತು ಕೇಳಿದರು, 'ಅಲ್ಲ ಭಾವ, ಡೀಲರ್ ಕಮಿಷನ್ನೇ 34 ಸಾವಿರ ಇರುತ್ತದಾ?' ಅಂತ. ನಾನು ಉತ್ತರ ಕೊಡಲಿಲ್ಲ, ಹಣ ಕಳಿಸಿಯಾಗಿತ್ತು.

ಬಂದ ದಿನವೇ ಸಂಶಯ ಪಡಬೇಕಿತ್ತು. ಜಾಹೀರಾತಿನಲ್ಲಿ ನಾಲ್ಕೂವರೆ ಕಿಲೋ ಅಂತ ಇತ್ತು. ಎತ್ತಿದಾಗ ಕೈಗೆ ಭಾರ ಅನ್ನಿಸಿ ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ 7 ಕಿಲೋ 200 ಗ್ರಾಂ. ಪಕ್ಕದ ಮನೆಯವರದ್ದು 5 ಕಿಲೋದ ಆಸುಪಾಸು. ಫೋನ್ ಮಾಡಿ ಕೇಳಿದೆ. 'ಗಟ್ಟಿ ಇರಲಿ ಅಂತ ದಪ್ಪ ಮಾಡಿದ್ದಾರೆ ಸಾರ್' ಅಂದ. ಅದಕ್ಕೂ ತಲೆ ಆಡಿಸಿದೆ ಮಾರಾಯ್ರೆ! ಕೊಂಡಾದ ಮೇಲೆ ವಸ್ತುವಿನ ಪರವಾಗಿ ನಾವೇ ವಕೀಲಿ ಮಾಡುತ್ತೇವೆ.

ಎತ್ತಿ ನಿಲ್ಲಿಸಿದಾಗ ಎರಡನೇ ಸಮಸ್ಯೆ ಕಂಡಿತು. ತುದಿ ನೇರ ನಿಲ್ಲುವುದಿಲ್ಲ, ಮೀನು ಹಿಡಿಯುವ ಗಾಳದ ಕೋಲಿನ ಹಾಗೆ ಬಾಗಿ ತೂಗುತ್ತದೆ. ಇಲ್ಲಿ ಕೈ ಒಂದು ಇಂಚು ಆಡಿದರೆ ಅಲ್ಲಿ ನಾಜಲ್ ಪಕ್ಕದ ಮರಕ್ಕೆ ಹೋಗುತ್ತದೆ. ಗೊನೆಗೆ ಬೀಳಬೇಕಾದ ಮದ್ದು ಸೋಗೆಗೆ, ಸೋಗೆಯಿಂದ ನಮ್ಮ ತಲೆಗೆ. ನಮ್ಮಲ್ಲಿಗೆ ಮದ್ದು ಹೊಡೆಯಲು ಬರುವ ಅಣ್ಣ ಅನುಭವಸ್ಥರು, ಬೇರೆ ಬೇರೆ ಮನೆಯ ದೋಟಿ ಹಿಡಿದವರು. ಅರ್ಧ ಗಂಟೆ ಹಿಡಿದು ಕೆಳಗಿಟ್ಟು, 'ಇದು ಕಾರ್ಬನ್ ಅಲ್ಲ ಅಣ್ಣೇರೆ, ಇದು ಬೇರೆ ಎಂಥದೋ' ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಪೂರ್ತಿ ಸರಿ ಅಲ್ಲ, ಮುಕ್ಕಾಲು ಪಾಲು ಸರಿ.

ಮುರಿದ ಮೇಲೆ ಗೊತ್ತಾಯಿತು. ಸೀಳಿದ ಜಾಗ ನೋಡಿದರೆ ಹೊರಗಿನ ಒಂದು ಪದರ ಮಾತ್ರ ಕಪ್ಪು, ತೆಳ್ಳಗೆ. ಒಳಗೆಲ್ಲ ಹಸಿರು ಮಿಶ್ರಿತ ಬಿಳಿ. ಒಳಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಬಿಳಿ ಪುಡಿ ಬರುತ್ತದೆ. ಅಂದರೆ ಗ್ಲಾಸ್ ಫೈಬರ್, ಮೇಲಿಂದ ಕಾರ್ಬನ್ ಬಟ್ಟೆಯ ಒಂದು ಸುತ್ತು. ಜಾಹೀರಾತಿನಲ್ಲಿ '3ಕೆ ಕಾರ್ಬನ್' ಅಂತ ದೊಡ್ಡದಾಗಿ ಬರೆದಿತ್ತು. 3ಕೆ ಅನ್ನುವುದು ಕ್ವಾಲಿಟಿಯ ಗ್ರೇಡ್ ಅಂತ ನಾನು ತಿಳಿದಿದ್ದೆ. ಅಲ್ಲ. ಒಂದೊಂದು ಎಳೆಯಲ್ಲಿ 3,000 ಸೂಕ್ಷ್ಮ ತಂತುಗಳಿವೆ ಅನ್ನುವುದಷ್ಟೇ ಅದರ ಅರ್ಥ. ಆ ಚಾಪೆ ಡಿಸೈನ್ ನೋಡಲು ಚಂದ, ಒಳಗೆ ಏನಿದೆ ಅಂತ ಅದು ಹೇಳುವುದಿಲ್ಲ. 'ಟಿ700' ಅಂತಲೂ ಸ್ಟಿಕ್ಕರ್ ಇತ್ತು. ಟಿ300, ಟಿ700 ಎಲ್ಲ ಜಪಾನಿನ ಟೋರೆ ಕಂಪನಿ ತನ್ನ ಫೈಬರಿಗೆ ಇಟ್ಟ ಹೆಸರುಗಳು. ಎಳೆದು ತುಂಡು ಮಾಡುವ ಲೆಕ್ಕದಲ್ಲಿ ಟಿ700 ಜಾಸ್ತಿ ಗಟ್ಟಿ ನಿಜ, ಆದರೆ ಬಾಗದೆ ನಿಲ್ಲುವ ಗುಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸ್ಟಿಕ್ಕರಂತೂ ಯಾವ ಕೊಳವೆಗೆ ಬೇಕಾದರೂ ಅಂಟುತ್ತದೆ.

ಗ್ಲಾಸ್ ಫೈಬರ್ ಕೆಟ್ಟ ವಸ್ತು ಅಂತಲ್ಲ, ನೀರಿನ ಟ್ಯಾಂಕು, ದೋಣಿ ಎಲ್ಲ ಅದರಲ್ಲೇ ಮಾಡುತ್ತಾರೆ. ಆದರೆ ಕಾರ್ಬನ್ ಫೈಬರಿಗೆ ಹೋಲಿಸಿದರೆ ಗ್ಲಾಸ್ ಸುಮಾರು ಮೂರರಷ್ಟು ಜಾಸ್ತಿ ಬಾಗುತ್ತದೆ. ಭಾರವೂ ಜಾಸ್ತಿ. ಹತ್ತಿಪ್ಪತ್ತು ಅಡಿಯ ಕೋಲಾದರೆ ನಡೆಯುತ್ತದೆ. 60 ಅಡಿಗೆ, ಅದೂ ತುದಿಯಲ್ಲಿ ನಾಜಲ್ ಇದ್ದು, ಉದ್ದಕ್ಕೂ ಮದ್ದು ತುಂಬಿದ ಹೋಸು ನೇತಾಡುತ್ತಿರುವಾಗ, ಆಗದು. ನನ್ನದು ಅಡ್ಡ ಮುರಿದದ್ದಲ್ಲ, ಬಿದಿರು ಸೀಳುವ ಹಾಗೆ ಉದ್ದಕ್ಕೆ ಸೀಳಿದ್ದು. ಒಳ್ಳೆಯ ಕೊಳವೆಯಲ್ಲಿ ಉದ್ದದ ಎಳೆಗಳ ಜೊತೆ ಅಡ್ಡ ಸುತ್ತಿನ ಎಳೆಗಳೂ ಇರುತ್ತವೆ, ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ. ಖರ್ಚು ಉಳಿಸುವವರು ಮೊದಲು ಬಿಡುವುದು ಅದನ್ನೇ. ಕೊಳವೆಗಳು ಜಾರದ ಹಾಗೆ ಹಿಡಿಯುವ ಕ್ಲ್ಯಾಂಪನ್ನು ನಾವು ಬಿಗಿ ಮಾಡಿದಷ್ಟೂ ಕೊಳವೆಯ ಬಾಯಿ ಅಲ್ಲೇ ಬಿರಿಯುತ್ತಾ ಹೋಗಿದೆ. ಸಾಲದ್ದಕ್ಕೆ ಕ್ಲ್ಯಾಂಪಿನ ಸ್ಕ್ರೂಗಳು ಬರೀ ಕಬ್ಬಿಣ. ಮೈಲುತುತ್ತು ತಾಗುವ ಕೆಲಸಕ್ಕೆ ಕಬ್ಬಿಣದ ಸ್ಕ್ರೂ ಹಾಕುವವನು ಯಾವತ್ತೂ ಬೋರ್ಡೋ ಕಲಸಿದವನಲ್ಲ. ಮೂರನೇ ದಿನಕ್ಕೇ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಕೊಳ್ಳುವಾಗ ನಾನೇ ಕೇಳಿದ್ದೆ, ನಮ್ಮ ತೋಟದ ಒಂದು ಮೂಲೆಯಲ್ಲಿ ಮೆಸ್ಕಾಂನ ಕರೆಂಟ್ ಲೈನ್ ಹೋಗುತ್ತದೆ, ತೊಂದರೆ ಇಲ್ವಾ ಅಂತ. 'ಇದು ಫೈಬರ್ ಅಲ್ವಾ ಸಾರ್, ಅಲ್ಯೂಮಿನಿಯಂ ಅಲ್ಲವಲ್ಲ, ಕರೆಂಟ್ ಪಾಸ್ ಆಗುವುದೇ ಇಲ್ಲ' ಅಂದ. ಅಪ್ಪಟ ಸುಳ್ಳು. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಮುರಿದ ತುಂಡಿನ ಎರಡು ತುದಿಯಲ್ಲಿ ಮೇಲಿನ ಬಣ್ಣ ಕೆರೆದು, ಕಪ್ಪು ಪದರಕ್ಕೆ ಮಲ್ಟಿಮೀಟರಿನ ವಯರು ಮುಟ್ಟಿಸಿ ನೋಡಿದೆ, ಕೀಂಯ್ ಅಂತು. ಒಳಗೆ ಗ್ಲಾಸ್ ಇದ್ದರೂ ಹೊರಗಿನ ಆ ತೆಳ್ಳಗಿನ ಪದರ ಸಾಕು. ಮೇಲೆ ಹೋಗುವುದು 11 ಸಾವಿರ ವೋಲ್ಟಿನ ಲೈನ್, ಕೋಲೆಲ್ಲ ಮದ್ದಿನಿಂದ ಒದ್ದೆ, ಕಾಲಡಿಯ ಮಣ್ಣೂ ಒದ್ದೆ. ಗಮ್‌ಬೂಟು ಹಾಕಿದ್ದೇನೆ ಅನ್ನುವ ಧೈರ್ಯ ಬೇಡ. ನಾವು ಆ ಮೂಲೆಗೆ ತಲುಪುವ ಮೊದಲೇ ದೋಟಿ ಮುರಿಯಿತು. ಮುರಿದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ.

72 ಸಾವಿರದ್ದಾದರೂ ಇದೇ ಮಾತು, ಅದರಲ್ಲಿ ಇನ್ನೂ ಚೆನ್ನಾಗಿ ಹರಿಯುತ್ತದೆ. ದೋಟಿ ಕೈತಪ್ಪಿ ಅಡ್ಡ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಆಗದಿದ್ದರೆ ಲೈನ್ ಆಫ್ ಮಾಡಿಸಿ, ಇಲ್ಲವೇ ಆ ಸಾಲಿನ ಮರಗಳನ್ನು ಬಿಟ್ಟುಬಿಡಿ. ದೋಟಿ ಹಿಡಿಯುವವರಿಗೆ ಇದನ್ನು ನೀವೇ ಹೇಳಿ. ಅವರಿಗೆ ಮಾರುವವನೂ ಹೇಳುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ. ನನ್ನ ಡಬ್ಬದ ಮೇಲೆ ಇದ್ದದ್ದು ಚೀನೀ ಅಕ್ಷರಗಳು ಮತ್ತು ಒಂದು ಬಾಣದ ಗುರುತು, ಅಷ್ಟೇ.

ಅಂದಹಾಗೆ ಚೀನಾ ಮಾಲು ಅಂದರೆ ಹೀಗೇ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಕ್ಕದ ಮನೆಯವರ ದೋಟಿಯೂ ಚೀನಾದಿಂದಲೇ ಬಂದದ್ದು, ಈಗಲೂ ಕಲ್ಲಿನ ಹಾಗಿದೆ. ಅಲ್ಲಿ ವೇಯ್‌ಹಾಯ್ ಅಂತ ಒಂದು ಊರು, ಮೀನಿನ ಗಾಳದ ಕೋಲು ಮಾಡುವುದಕ್ಕೇ ಹೆಸರಾದದ್ದು. ದೊಡ್ಡ ಕಟ್ಟಡಗಳ ಗಾಜು ತೊಳೆಯಲು, ಸೋಲಾರ್ ಪ್ಯಾನೆಲ್ ತೊಳೆಯಲು ಇಂಥದ್ದೇ ಉದ್ದದ ಕಾರ್ಬನ್ ಕೋಲುಗಳನ್ನು ಲೋಕಕ್ಕೆಲ್ಲ ಕಳಿಸುತ್ತಾರೆ. ಅವರು ನಾವು ಕೇಳಿದ್ದನ್ನು ಮಾಡಿಕೊಡುತ್ತಾರೆ. ಪೂರ್ತಿ ಕಾರ್ಬನ್ ಕೇಳಿದವನಿಗೆ ಅದು, ಅರ್ಧ ಬೇಕು ಅಂದವನಿಗೆ ಅರ್ಧ, 'ನೋಡಲು ಕಾರ್ಬನ್ ಹಾಗಿದ್ದರೆ ಸಾಕು' ಅಂದವನಿಗೆ ಅದೂ ಸಿಗುತ್ತದೆ. ಅರ್ಧಂಬರ್ಧದ್ದನ್ನು ಹೇಳಿ ಮಾರಿದರೆ ತಪ್ಪೇನಿಲ್ಲ, 25 ಅಡಿಯ ಸಣ್ಣ ಮರಗಳಿಗೆ, ಕಾಳುಮೆಣಸಿನ ಬಳ್ಳಿಗೆ ಧಾರಾಳ ಸಾಕು. ನಮ್ಮವನೇ ಒಬ್ಬ ಕಡಿಮೆಯದ್ದನ್ನು ತರಿಸಿ ಅದಕ್ಕೆ ಜಾಸ್ತಿಯದರ ಹೆಸರು ಕೊಟ್ಟ. ಮೋಸ ಆದದ್ದು ಅಲ್ಲಿ.

ಮತ್ತೆ ಹಣದ ಕತೆ. ಮುರಿದ ಮೇಲೆ ಫೋನ್ ಮಾಡಿದರೆ ಮೊದಲು 'ನೀವು ಜಾಸ್ತಿ ಬಗ್ಗಿಸಿದ್ದೀರಿ' ಅಂದ. ಫೋಟೋ ಕಳಿಸಿದ ಮೇಲೆ ಮೂರನೇ ವಾರಕ್ಕೆ ಒಂದು ಕೊಳವೆ ಕಳಿಸಿದ, ಅದನ್ನು ಮೆಚ್ಚಲೇಬೇಕು. ಆದರೆ ಅದು ಕೂರುವುದೇ ಇಲ್ಲ, ಕೂದಲೆಳೆಯಷ್ಟು ದಪ್ಪ ಜಾಸ್ತಿ. ಅವನು ತರಿಸಿದ ಎರಡನೇ ಲೋಡು ಬೇರೆ ಫ್ಯಾಕ್ಟರಿಯದ್ದಂತೆ. ಆಮೇಲೆ ಫೋನ್ ಎತ್ತಲಿಲ್ಲ. ಪಕ್ಕದ ಮನೆಯವರು ತಂದ ಕಡೆ ಕೊಳವೆ ಒಂದೊಂದೇ ಬಿಡಿಯಾಗಿ ಸಿಗುತ್ತದೆ, ಕ್ಲ್ಯಾಂಪ್ ಬಿಡಿಯಾಗಿ ಸಿಗುತ್ತದೆ. ಅವರದ್ದೂ ಒಮ್ಮೆ ಮರಕ್ಕೆ ಬಡಿದು ತುದಿಯ ಕೊಳವೆ ಹೋಗಿತ್ತು, ನಾಲ್ಕನೇ ದಿನ ಹೊಸದು ಹಾಕಿದರು. ಆ 34 ಸಾವಿರದ ವ್ಯತ್ಯಾಸದಲ್ಲಿ ಇದೂ ಸೇರಿತ್ತು ಅಂತ ನನಗೆ ಆಗ ಹೊಳೆಯಲಿಲ್ಲ.

ಮಳೆ ನಮಗಾಗಿ ಕಾಯುತ್ತದಾ? ಜೂನ್ ಮೊದಲ ವಾರದಲ್ಲೇ ಹಿಡಿಯಿತು. 1,200ರಲ್ಲಿ 700 ಮರಕ್ಕಷ್ಟೇ ಮದ್ದು ಬಿದ್ದಿತ್ತು. ಪಕ್ಕದ ಮನೆಯವರ ದೋಟಿ ಕೇಳಿ ತಂದು ಬಿಸಿಲು ಬಿಟ್ಟ ಎರಡು ದಿನ ಹೊಡೆದೆವು, ಮರ ಹತ್ತುವವರಿಗೆ ಹೇಳಿ ಕಳಿಸಿದೆವು, ಆ ಹೊತ್ತಿಗೆ ಅವರು ಯಾರಿಗೆ ತಾನೇ ಸಿಗುತ್ತಾರೆ. ತೋಡಿನ ಬದಿಯ ತಗ್ಗಿನ ಜಾಗ ಹಾಗೇ ಉಳಿಯಿತು. ಕೊಳೆರೋಗ ಬರುವುದೂ ಅಲ್ಲಿಗೇ ಮೊದಲು. ಜುಲೈಯಲ್ಲಿ ಬುಡದಲ್ಲೆಲ್ಲ ಹಸಿ ಕಾಯಿ ಉದುರಿ ಬೂಸಲು ಹಿಡಿದು ಬಿದ್ದಿತ್ತು. ಆ ಮೂಲೆಯೊಂದರಲ್ಲೇ ಒಂದೂವರೆ ಕ್ವಿಂಟಾಲಾದರೂ ಅಡಿಕೆ ಕಡಿಮೆ ಆಯಿತು. ಉಳಿಸಿದ 34 ಸಾವಿರ ಎಲ್ಲಿ ಹೋಯಿತು ಅಂತ ಅಡಿಕೆ ಬೆಲೆ ಗೊತ್ತಿದ್ದವರು ಲೆಕ್ಕ ಹಾಕಿಕೊಳ್ಳಿ.

ದೂರು ಕೊಡಲಿಲ್ವಾ ಅಂತ ಕೇಳುತ್ತೀರಿ. 1915ಕ್ಕೆ ಫೋನ್ ಮಾಡಿದೆ, ಅದು ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು. ಬಿಲ್ ಇದೆಯಾ ಅಂದರು. ನನ್ನ ಹತ್ತಿರ ಇದ್ದದ್ದು ಒಂದು ಚೀಟಿ, 'ದೋಟಿ 1' ಅಂತ ಬರೆದು ಸಹಿ ಹಾಕಿದ್ದು. ಜಿಎಸ್‌ಟಿ ಬಿಲ್ ಬೇಕಿದ್ದರೆ ರೇಟು ಜಾಸ್ತಿಯಾಗುತ್ತದೆ ಅಂದಿದ್ದ, ನಾನೂ ಬೇಡ ಅಂದಿದ್ದೆ. ಹಣ ಕಳಿಸಿದ ದಾಖಲೆ, ಜಾಹೀರಾತಿನ ಫೋಟೋ, ಮಾತಾಡಿದ ಮೆಸೇಜುಗಳು ಇವೆ, ಅವನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕೆಂದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಹೊರದೇಶದಿಂದ ತಂದು ಡಬ್ಬದಲ್ಲಿ ಮಾರುವ ವಸ್ತುವಿನ ಮೇಲೆ ತರಿಸಿದವನ ಹೆಸರು, ವಿಳಾಸ, ಯಾವ ದೇಶದ್ದು, ಗರಿಷ್ಠ ಬೆಲೆ ಎಷ್ಟು ಅಂತ ಬರೆದಿರಬೇಕು ಅನ್ನುವ ನಿಯಮ ಇದೆ. ನನ್ನ ಡಬ್ಬದಲ್ಲಿ ಒಂದೂ ಇರಲಿಲ್ಲ. ಡಬ್ಬ ಬಿಚ್ಚುವ ಮೊದಲು ಅದನ್ನು ಹುಡುಕಿ, ಇಲ್ಲದಿದ್ದರೆ ವಾಪಸ್ ಕಳಿಸಿ.

ಇಷ್ಟಾದ ಮೇಲೂ ಕಡಿಮೆ ರೇಟಿನದ್ದೇ ತರುತ್ತೇನೆ ಅನ್ನುವವರು ತಕ್ಕಡಿ ತೆಗೆದುಕೊಂಡು ಹೋಗಿ. ಬರೆದ ತೂಕವೂ ತಕ್ಕಡಿಯ ತೂಕವೂ ಒಂದೇನಾ ನೋಡಿ. ಪ್ರತಿ ಕೊಳವೆಯ ಕೊಯ್ದ ಬಾಯಿ ನೋಡಿ, ಒಳಗಿನವರೆಗೆ ಕಪ್ಪೇ ಇದೆಯಾ, ನಡುವೆ ಬಿಳಿ ಗೆರೆ ಇದೆಯಾ ಅಂತ. ಕೆಲವರು ಅಲ್ಲಿಗೂ ಕಪ್ಪು ಬಣ್ಣ ಬಳಿದಿರುತ್ತಾರೆ, ಉಪ್ಪುಕಾಗದ ಜೇಬಲ್ಲಿರಲಿ. ಉಜ್ಜಲು ಬಿಡದವನ ಹತ್ತಿರ ಕೊಳ್ಳಬೇಡಿ. ಪೂರ್ತಿ ಉದ್ದಕ್ಕೆ ಎಳೆದು ನಿಲ್ಲಿಸಿ, ತುದಿಗೆ ಹೋಸು ಕಟ್ಟಿಸಿ ಹತ್ತು ನಿಮಿಷ ನೀವೇ ಹಿಡಿದು ನೋಡಿ, ಮಾರುವವನು ಹಿಡಿದು ತೋರಿಸಿದ್ದು ಲೆಕ್ಕಕ್ಕಿಲ್ಲ. ಮತ್ತೆ ಕರೆಂಟಿನ ಪ್ರಶ್ನೆ ಕೇಳಿ. 'ಏನೂ ಆಗುವುದಿಲ್ಲ' ಅಂದನೋ, ಅಲ್ಲಿಂದ ಎದ್ದು ಬನ್ನಿ.

ನನ್ನದರ ಕೆಳಗಿನ ಮೂರು ಕೊಳವೆ ಇನ್ನೂ ಗಟ್ಟಿ ಇವೆ. ಮೇಲಿನ ತುಂಡಿನಲ್ಲಿ ಅಮ್ಮ ಮಾಡಿನ ಜೇಡರ ಬಲೆ ತೆಗೆಯುತ್ತಾರೆ. ಮನೆಗೆ ಬಂದವರೆಲ್ಲ ಹೊಳಪು ನೋಡಿ 'ಓ, ಕಾರ್ಬನ್ನಾ?' ಅಂತ ಕೇಳುತ್ತಾರೆ.